ಏಳನೇ ಷರತ್ತು ಮತ್ತು ಇನ್ನೂರ ನಲವತ್ತು ಕರೆಗಂಟೆ

ಮೂವತ್ನಾಲ್ಕು ವರ್ಷ ಕೇಂದ್ರ ಸರ್ಕಾರದ ಖರೀದಿ ವಿಭಾಗದಲ್ಲಿ ಕೂತು ಎದ್ದವನಿಗೆ ವ್ಯಾಪಾರ ಹೇಳಿಕೊಡಬೇಕೆ? ನಿವೃತ್ತನಾದ ಮೂರನೇ ತಿಂಗಳು ಈ ಪ್ರಶ್ನೆಯನ್ನು ನನ್ನ ಹೆಂಡತಿ ಸುಮಿತ್ರಾಳ ಮುಂದಿಟ್ಟೆ. ಅದು ಉತ್ತರ ಬೇಡದ ಪ್ರಶ್ನೆ. ಆದರೂ ಅವಳು ಉತ್ತರ ಕೊಟ್ಟಳು.

"ಹೇಳಿಕೊಡಬೇಕು," ಅಂದಳು.

ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಗುಂಡುಸೂಜಿಯಿಂದ ಹಿಡಿದು ಏರ್ ಕಂಡೀಷನರ್‌ವರೆಗೆ ಒಂದು ಇಡೀ ಕಚೇರಿ ಕೊಂಡ ಸಾಮಾನೆಲ್ಲ ನನ್ನ ಮೇಜಿನ ಮೇಲಿಂದಲೇ ಹಾದುಹೋಗಿದೆ. ಮೂರು ಕೊಟೇಶನ್ ತರಿಸದೆ ಒಂದು ಪೊರಕೆಯನ್ನೂ ಕೊಂಡವನಲ್ಲ ನಾನು. ಇಂಥವನು ಆನ್‌ಲೈನ್ ಎಲೆಕ್ಟ್ರಾನಿಕ್ಸ್ ವ್ಯಾಪಾರಕ್ಕೆ ಇಳಿದರೆ ಆ ವ್ಯಾಪಾರಕ್ಕೇ ಒಂದು ಗೌರವ ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯವಾಗಿತ್ತು.

ಈ ಯೋಚನೆ ಹುಟ್ಟಿದ್ದು ಒಂದು ಕರೆಗಂಟೆಯಿಂದ. ಕಚೇರಿಯಲ್ಲಿ ನನ್ನ ಮೇಜಿನ ಅಂಚಿಗೆ ಒಂದು ಬಿಳಿ ಗುಂಡಿ ಇತ್ತು. ಒತ್ತಿದರೆ ಸಾಕು, ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ಪ್ಯೂನ್ ರಾಮ್‌ಫಲ್ "ಜೀ ಸಾಬ್" ಎನ್ನುತ್ತ ಒಳಗೆ ಬರುತ್ತಿದ್ದ. ನೀರು ಬೇಕಾದಾಗ ಒತ್ತುತ್ತಿದ್ದೆ. ಏನೂ ಬೇಡವಾದಾಗಲೂ ಒತ್ತುತ್ತಿದ್ದೆ. ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೈಗಿಟ್ಟು ಕಳಿಸಿದರು. ಮರುದಿನ ಬೆಳಗಿನಿಂದ ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನಲ್ಲಿ ಗಂಟೆ ಒತ್ತುವವರು ಬೇರೆಯವರು, ಎದ್ದು ಓಡುವವನು ನಾನು! ಹಾಲು, ತರಕಾರಿ, ಕೊರಿಯರ್, ಸೊಸೈಟಿಯ ಗಾರ್ಡು, ಕರಿಬೇವು ಕೇಳಲು ಬರುವ ಪಕ್ಕದ ಮನೆಯವರು. ಸಾಲದ್ದಕ್ಕೆ ಸುಮಿತ್ರಾ ಚಿಕ್ಕ ರೂಮಿನಲ್ಲಿ ಸಂಗೀತ ಪಾಠ ಹೇಳುತ್ತಾಳೆ. ಹನ್ನೊಂದು ಮಕ್ಕಳು ಹನ್ನೊಂದು ಹೊತ್ತಿಗೆ ಬರುತ್ತವೆ. ನನಗೆ ಒಳಗೊಳಗೇ ಬೇಸರವಾಗುತ್ತಿತ್ತು. ಬಾಗಿಲು ತೆಗೆಯುವುದಕ್ಕಲ್ಲ. ನಾನು ಒತ್ತಿದರೆ ಬರುವವರು ಈ ಭೂಮಿಯ ಮೇಲೆ ಒಬ್ಬರೂ ಇಲ್ಲವಲ್ಲ ಎಂದು.

ಹೀಗಿರುವಾಗ ಒಂದು ದಿನ ನಮ್ಮ ಹಳೆಯ ಗಂಟೆ ಕೆಟ್ಟಿತು. ಎಂ.ಕಾಂ. ಓದುತ್ತಿರುವ ನಮ್ಮ ಮಗಳು ಮೇಘನಾ ಫೋನಿನಲ್ಲೇ ಏನೋ ಒತ್ತಿದಳು. ಎರಡು ದಿನದಲ್ಲಿ ಒಂದು ವೈರ್‌ಲೆಸ್ ಗಂಟೆ ಮನೆಗೆ ಬಂತು. ಬಾಗಿಲಿಗೆ ಗುಂಡಿ ಅಂಟಿಸಿದಳು, ಒಳಗೆ ಷೋಕೇಸಿನ ಮೇಲೆ ಪೆಟ್ಟಿಗೆ ಇಟ್ಟಳು. ತಂತಿಯಿಲ್ಲ, ಎಲೆಕ್ಟ್ರೀಷಿಯನ್ ಇಲ್ಲ, ಮೂರು ಕೊಟೇಶನ್ ಇಲ್ಲ! ನನ್ನ ಮೈಯಲ್ಲಿ ಮಿಂಚು ಹರಿಯಿತು. ದಿಲ್ಲಿಯಲ್ಲಿ ಎಷ್ಟು ಬಾಗಿಲುಗಳಿವೆ! ನೋಯ್ಡಾದಲ್ಲಿ ಎಷ್ಟು! ಗಾಜಿಯಾಬಾದಿನಲ್ಲಿ ದಿನಕ್ಕೊಂದು ಕಟ್ಟಡ ಏಳುತ್ತಿದೆ, ಅಷ್ಟೂ ಮನೆಗಳಿಗೆ ಬಾಗಿಲು ಇರಲೇಬೇಕಲ್ಲ!

ಆವತ್ತೇ ಹೋಗಿ ರಬ್ಬರ್ ಸ್ಟಾಂಪ್ ಮಾಡಿಸಿಕೊಂಡು ಬಂದೆ. "ಮೂರ್ತಿ ಎಲೆಕ್ಟ್ರಾನಿಕ್ಸ್, ಪ್ರಧಾನ ಕಾರ್ಯಾಲಯ, ಮಾಲೀಕರು." ಪ್ರಧಾನವಲ್ಲದ ಕಾರ್ಯಾಲಯ ಇನ್ನೂ ಇರಲಿಲ್ಲ. ಸರಕೂ ಇರಲಿಲ್ಲ. ಆದರೆ ಸ್ಟಾಂಪು ಬಂದಮೇಲೆ ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ ಎಂಬುದು ನನ್ನ ಸೇವಾನುಭವ.

ಸರಕು ಇಡಲು ಜಾಗ ಬೇಕಿತ್ತು. ಇದ್ದದ್ದು ಒಂದೇ ಜಾಗ, ಸುಮಿತ್ರಾಳ ಸಂಗೀತದ ರೂಮು.

"ಮಕ್ಕಳಿಗೆ ಹಾಲ್‌ನಲ್ಲಿ ಪಾಠ ಹೇಳ್ಕೋತೀನಿ," ಅಂದಳು ಅವಳು. "ಆದರೆ ಒಂದು ಮಾತು ರೀ. ನವರಾತ್ರಿಗೆ ಆ ರೂಮಲ್ಲೇ ಗೊಂಬೆ ಕೂರಿಸೋದು. ಇಪ್ಪತ್ತೆರಡು ವರ್ಷದಿಂದ ತಪ್ಪಿಲ್ಲ. ಮಹಾಲಯ ಅಮಾವಾಸ್ಯೆ ಸಂಜೆಯೊಳಗೆ ರೂಮು ಖಾಲಿ ಆಗ್ಬೇಕು."

"ಖಾಲಿಯಾ? ಅಷ್ಟು ಹೊತ್ತಿಗೆ ಮೂರು ಸಲ ಖಾಲಿಯಾಗಿ ಮೂರು ಸಲ ತುಂಬಿರುತ್ತೆ!"

"ಆಗದಿದ್ದರೆ?"

ಇಲ್ಲಿ ನಾನು ಸ್ವಲ್ಪ ತಡೆದು ಮಾತಾಡಬಹುದಿತ್ತು. ಉತ್ಸಾಹ ಬಿಡಲಿಲ್ಲ. "ಆಗದಿದ್ದರೆ ಅಂಗಡಿ ಬಂದ್. ಉಳಿದ ಜೀವಮಾನವೆಲ್ಲ ನಾನು ನಿನ್ನ ಪ್ಯೂನ್!"

"ಬರೆದುಕೊಡಿ," ಅಂದಳು.

ಬರೆದುಕೊಟ್ಟೆ. ಸಹಿ ಹಾಕಿದೆ. ಹೊಸ ಸ್ಟಾಂಪಿನ ಮೊದಲ ಮುದ್ರೆ ಬಿದ್ದದ್ದು ಆ ಕಾಗದದ ಮೇಲೆ.

ಇನ್ನು ಹೋಲ್‌ಸೇಲ್ ಸರಬರಾಜುದಾರರನ್ನು ಹುಡುಕಬೇಕಿತ್ತು. ಮೇಘನಾ ಯಾವುದೋ ವೆಬ್‌ಸೈಟಿನಲ್ಲಿ ನನ್ನ ನಂಬರು ಹಾಕಿ "ವೈರ್‌ಲೆಸ್ ಬೆಲ್ ಬೇಕು" ಎಂದು ಬರೆದಳು. ಬರೆದು ಅವಳು ಲೋಟ ಕೆಳಗಿಡುವಷ್ಟರಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಸೂರತ್‌ನಿಂದ, ರಾಜಕೋಟದಿಂದ, ಮುಂಬೈಯಿಂದ! "ಸರ್ ಜೀ, ಕಿತನಾ ಪೀಸ್?" ಸಂಜೆಯವರೆಗೆ ಕುಕ್ಕರು, ಕ್ಯಾಮೆರಾ, ಫ್ಯಾನು, ಸೊಳ್ಳೆ ಹೊಡೆಯುವ ಬ್ಯಾಟು ಎಲ್ಲದರ ಫೋಟೋ ಬಂದವು. ನಿವೃತ್ತನಾದ ಮೇಲೆ ಮೊದಲ ಸಲ ಇಷ್ಟು ಜನ ನನ್ನನ್ನು ಸರ್ ಎಂದಿದ್ದರು. ನೆಲ ನನ್ನ ಕಾಲಿಗೆ ತಾಗಲಿಲ್ಲ.

ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ. "ಮೊಹರು ಮಾಡಿದ ಲಕೋಟೆಯಲ್ಲಿ ಕೊಟೇಶನ್ ಕಳಿಸತಕ್ಕದ್ದು." ಆಮೇಲೆ ಒಂದು ಫೋನೂ ಬರಲಿಲ್ಲ.

"ಅಪ್ಪಾ, ವಾಟ್ಸಾಪ್‌ನಲ್ಲಿ ಲಿಫಾಫಾ ಹೇಗೆ ಕಳಿಸ್ತಾರೆ? ಯಾರ್, ಸೀರಿಯಸ್ಲಿ!" ಅಂದಳು ಮೇಘನಾ. ದಿಲ್ಲಿಯಲ್ಲಿ ಹುಟ್ಟಿ ಬೆಳೆದ ಹುಡುಗಿ. ಕನ್ನಡದಲ್ಲಿ ಶುರುಮಾಡಿ ಬೇರೆಲ್ಲೋ ಮುಗಿಸುತ್ತಾಳೆ.

ಮರುದಿನ ಮೆಟ್ರೋ ಹತ್ತಿ ನಾನೇ ಹಳೆ ದಿಲ್ಲಿಯ ಹೋಲ್‌ಸೇಲ್ ಮಾರುಕಟ್ಟೆಗೆ ಹೋದೆ. ಕಂಕುಳಲ್ಲಿ ಫೈಲು, ಫೈಲಿನಲ್ಲಿ ಟ್ಯಾಗು. ಆ ಗಲ್ಲಿಗಳಲ್ಲಿ ತಲೆಯ ಮೇಲೆ ಕರೆಂಟು ತಂತಿ, ಕಾಲಕೆಳಗೆ ತಳ್ಳುಗಾಡಿ, ನಡುವೆ ಫೈಲು ಹಿಡಿದ ನಾನು. ಮೊದಲಿನ ಎರಡು ಅಂಗಡಿಯವರು ನನ್ನನ್ನು ತೆರಿಗೆ ಇಲಾಖೆಯವನೆಂದುಕೊಂಡು ಶಟರ್ ಅರ್ಧ ಇಳಿಸಿದರು. ಮೂರನೆಯ ಅಂಗಡಿ ಭಾಟಿಯಾ ಜೀಯದು. ದುಂಡನೆಯ ಮನುಷ್ಯ, ದುಂಡನೆಯ ನಗು. ಕೂರಿಸಿ ಚಾಯ್ ತರಿಸಿದ.

"ಮೂರು ಕೊಟೇಶನ್ ಬೇಕಾ ಸಾಬ್? ಅಷ್ಟಕ್ಕೆ ಈ ಬಿಸಿಲಲ್ಲಿ ಯಾಕೆ ಮೂರು ಅಂಗಡಿ ಸುತ್ತೋದು? ಇಲ್ಲೇ ಕೊಡ್ತೀನಿ."

ಡ್ರಾಯರ್ ಎಳೆದ. ಅದರಲ್ಲಿ ಮೂರು ಬಗೆಯ ಲೆಟರ್‌ಹೆಡ್ ಇದ್ದವು. ಒಂದು ಅವನದು, ಒಂದು ಅವನ ಭಾವಮೈದುನನದು, ಇನ್ನೊಂದು ಚಿಕ್ಕಪ್ಪನ ಮಗನದು. ಹತ್ತು ನಿಮಿಷದಲ್ಲಿ ಮೂರು ಕೊಟೇಶನ್ ತಯಾರಾಗಿ, ಮೂರು ಲಕೋಟೆ ಸೇರಿ, ಗೋಂದು ಅಂಟಿ ನನ್ನ ಮುಂದೆ ಕೂತವು. ಮೂರರಲ್ಲೂ ಒಂದೇ ಕೈಬರಹ!

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದ ಎದ್ದು ಓಡುತ್ತಿದ್ದರು. ನಾನು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡೆ. ಯಾಕೆಂದರೆ ನಮ್ಮ ಕಚೇರಿಗೆ ಮೂವತ್ನಾಲ್ಕು ವರ್ಷ ಕೊಟೇಶನ್‌ಗಳು ಬಂದದ್ದು ಥೇಟ್ ಹೀಗೆಯೇ! ಒಬ್ಬನೇ ಮೂರೂ ತರುತ್ತಿದ್ದ, ನಾವು ಮೂರನ್ನೂ ಸಾಲಾಗಿ ಫೈಲಿಗೆ ಸೇರಿಸಿ ಕಡಿಮೆಯದನ್ನು ಆರಿಸುತ್ತಿದ್ದೆವು, ಎಲ್ಲರೂ ಸುಖವಾಗಿದ್ದೆವು. ಪದ್ಧತಿ ಬಲ್ಲ ಮನುಷ್ಯ ಕೊನೆಗೂ ಸಿಕ್ಕಿದನಲ್ಲ ಎಂದು ಹಿಗ್ಗಿದೆ. ಬಂದಿರುವ ಬಿಡ್‌ದಾರರ ಸಮಕ್ಷಮದಲ್ಲಿ, ಅಂದರೆ ಭಾಟಿಯಾ ಒಬ್ಬನ ಸಮಕ್ಷಮದಲ್ಲಿ, ಲಕೋಟೆಗಳನ್ನು ವಿಧಿವತ್ತಾಗಿ ಒಡೆದೆ. ಎಲ್ಲಕ್ಕಿಂತ ಕಡಿಮೆ ದರ ಭಾಟಿಯಾನದೇ! ಎದ್ದು ನಿಂತು ಕೈ ಕುಲುಕಿ ಅಭಿನಂದಿಸಿದೆ. ಅವನೂ ಆಶ್ಚರ್ಯಪಟ್ಟವನಂತೆ ಕೈ ಮುಗಿದ.

ಆಮೇಲೆ ಅಲ್ಲೇ ಕೂತು ಸರಬರಾಜು ಆದೇಶ ಬರೆದೆ. ಇನ್ನೂರ ನಲವತ್ತು ನಗ, ಹನ್ನೊಂದು ಷರತ್ತು. ಅದರಲ್ಲಿ ಏಳನೆಯದು ನನ್ನ ಮೆಚ್ಚಿನದು. "ಎಲ್ಲ ನಗಗಳೂ ಒಂದೇ ಲಾಟಿನವಾಗಿದ್ದು, ಎಲ್ಲ ವಿಧದಲ್ಲೂ ಏಕರೂಪವಾಗಿರತಕ್ಕದ್ದು. ಒಂದು ನಗಕ್ಕೂ ಇನ್ನೊಂದು ನಗಕ್ಕೂ ಯಾವುದೇ ವ್ಯತ್ಯಾಸ ಕಂಡುಬರಕೂಡದು."

ಭಾಟಿಯಾ ಅದನ್ನು ಎರಡು ಸಲ ಓದಿದ. ಅವನ ನಗು ಸ್ವಲ್ಪ ಸಣ್ಣದಾಯಿತು.

"ಏಕ್ ಬಾತ್ ಬೋಲೂಂ ಸಾಬ್? ಬೆಲ್ ಯಾರೂ ಒಂದೇ ಲಾಟ್ ತಗೊಳ್ಳಲ್ಲ. ನಾಲ್ಕಾರು ಲಾಟ್ ಬೆರೆಸಿ ಕೊಡ್ತೀವಿ. ಅದೇ ಒಳ್ಳೇದು."

"ಬೆರೆಸೋದಾ!" ನಾನು ಫೈಲಿನ ಮೇಲೆ ಕೈ ಬಡಿದೆ. "ಭಾಟಿಯಾ ಜೀ, ಒಮ್ಮೆ ನಮ್ಮಲ್ಲಿ ಎರಡು ಬಗೆಯ ನೀಲಿ ಪೆನ್ನು ಬಂದು ಆಡಿಟ್‌ನವರು ಆಕ್ಷೇಪಣೆ ಬರೆದರು. ಅದು ತೀರೋ ಹೊತ್ತಿಗೆ ಮೂವರು ಅಧಿಕಾರಿಗಳು ರಿಟೈರ್ ಆದರು. ಬೆರಕೆ ಮಾಲು ನನಗೆ ಬೇಡ. ಎಲ್ಲ ಒಂದೇ ಥರ ಇರ್ಬೇಕು!"

"ಆಡಿಟ್ ಯಾರು ಮಾಡ್ತಾರೆ ಸಾಬ್? ದುಕಾನ್ ನಿಮ್ಮದೇ ಅಲ್ವಾ?"

"ಅದು ಬೇರೆ ವಿಷಯ," ಅಂದೆ.

"ಸರಿ. ನೀವು ಹೇಳಿದ ಹಾಗೆ. ಈ ಏಳನೆಯದರ ಕೆಳಗೆ ಒಂದು ಸಹಿ, ಒಂದು ಸ್ಟಾಂಪ್." ಮುದ್ರೆ ಒತ್ತಿದೆ. ಒಂದು ಪ್ರತಿಯನ್ನು ಅವನು ತುಂಬ ಜೋಪಾನವಾಗಿ ಮಡಿಸಿ ಗಲ್ಲಾ ಪೆಟ್ಟಿಗೆಯಲ್ಲಿಟ್ಟ. ಶಿಸ್ತಿನ ಮನುಷ್ಯ ಎಂದುಕೊಂಡೆ.

ನಾಲ್ಕನೇ ದಿನ ಹನ್ನೆರಡು ದೊಡ್ಡ ರಟ್ಟಿನ ಪೆಟ್ಟಿಗೆಗಳು ಮನೆಗೆ ಬಂದವು. ಒಂದೊಂದರಲ್ಲಿ ಇಪ್ಪತ್ತು ಗಂಟೆ. ಸುಮಿತ್ರಾಳ ತಂಬೂರಿ ಹಾಲ್‌ಗೆ ಬಂತು, ಹಾಲ್‌ನಲ್ಲಿದ್ದ ನಾನು ಬಾಲ್ಕನಿಗೆ ಹೋದೆ. ನಿಯಮದಂತೆ ತಪಾಸಣೆ ಆಗಬೇಕಿತ್ತು. ಪ್ರತಿ ಪೆಟ್ಟಿಗೆಯಿಂದ ಒಂದೊಂದು ನಗ ತೆಗೆದು ಪರೀಕ್ಷೆ ಮಾಡಿದೆ. ಹೊಸ ಬ್ಯಾಟರಿ ದಂಡವೇಕೆಂದು ಟಿ.ವಿ. ರಿಮೋಟಿನ ಎರಡು ಬ್ಯಾಟರಿ ಬಿಚ್ಚಿ, ಅವನ್ನೇ ಒಂದು ಗಂಟೆಗೆ ಹಾಕಿ, ಬಾರಿಸಿ, ತೆಗೆದು, ಇನ್ನೊಂದಕ್ಕೆ ಹಾಕಿ, ಹೀಗೆ ಹನ್ನೆರಡನ್ನೂ ಒಂದೊಂದಾಗಿ ನೋಡಿದೆ. ಗುಂಡಿ ಒತ್ತಿದರೆ ಮೊದಲು ಒಂದು ಹಕ್ಕಿ ಚಿಲಿಪಿಲಿಗುಟ್ಟುತ್ತಿತ್ತು. ಆಮೇಲೆ ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ "ಕೃಪಯಾ ದರ್ವಾಜಾ ಖೋಲಿಯೇ", ದಯವಿಟ್ಟು ಬಾಗಿಲು ತೆಗೆಯಿರಿ, ಎನ್ನುತ್ತಿದ್ದಳು. ಹನ್ನೆರಡರಲ್ಲೂ ಅದೇ ಹಕ್ಕಿ, ಅದೇ ಹೆಂಗಸು. ಏಕರೂಪ ಅಂದರೆ ಇದು! ಮಾಲೀಕನ ಮನೆಯಲ್ಲೇ ಪರರ ಸರಕು ಇರಬಾರದೆಂದು, ಚೆನ್ನಾಗಿದ್ದ ಮೇಘನಾಳ ಗಂಟೆಯನ್ನು ಕಿತ್ತು ನಮ್ಮ ಬಾಗಿಲಿಗೂ ನನ್ನದನ್ನೇ ಹಾಕಿದೆ.

ಆನ್‌ಲೈನ್ ಅಂಗಡಿ ತೆರೆಯಲು ತುಂಬಬೇಕಾದ ಅರ್ಜಿಗಳನ್ನು ನಾನು ಒಂದು ತಪ್ಪೂ ಇಲ್ಲದೆ ತುಂಬಿದೆ. ಮೇಘನಾ ಬೆರಗಾದಳು. ಇಡೀ ವ್ಯಾಪಾರದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಆಮೇಲೆ ಸರಕಿನ ವಿವರಣೆ ಬರೆಯಬೇಕಿತ್ತು. ನಾನು ಬರೆದದ್ದು ಹೀಗೆ ಶುರುವಾಗುತ್ತಿತ್ತು: "ಈ ಮೂಲಕ ಸರ್ವ ಗ್ರಾಹಕರ ಗಮನಕ್ಕೆ ತರಬಯಸುವುದೇನೆಂದರೆ, ಕೆಳಗೆ ಸಹಿ ಮಾಡಿರುವವರ ಬಳಿ ಒಂದು ಕರೆಗಂಟೆ ಲಭ್ಯವಿದ್ದು..." ಎರಡು ಪುಟ ಆಯಿತು.

"ಅಪ್ಪಾ, ಬೆಲ್ ಸೇಲ್ ಮಾಡ್ತಿದೀರಾ ಯಾ ಬೆಲ್‌ನ ಸಸ್ಪೆಂಡ್ ಮಾಡ್ತಿದೀರಾ?" ಎಂದು ಕೇಳಿದಳು. ಆದರೂ ನಾನು ಒಂದಕ್ಷರ ಬದಲಾಯಿಸಲಿಲ್ಲ.

ಒಂದು ದಿನ ಕಳೆಯಿತು. ಒಂದು ವಾರ ಕಳೆಯಿತು. ಹತ್ತನೇ ದಿನ ಫೋನು ಕಿಣಿಕಿಣಿ ಅಂದಿತು. ಆರ್ಡರ್! ನಾನು ಸೋಫಾದಿಂದ ಹಾರಿದೆ. ಸುಮಿತ್ರಾ ಪಾಠ ನಿಲ್ಲಿಸಿ ಬಂದಳು. ಮೊದಲ ಗಂಟೆಗೆ ಅರಿಶಿನ ಕುಂಕುಮ ಹಚ್ಚಿ, ಮೂರು ಪದರ ಕಾಗದ ಸುತ್ತಿ, ಕೊರಿಯರಿನವನ ಕೈಗೆ ಒಪ್ಪಿಸಿದೆವು. ಅವಳ ಕಣ್ಣಲ್ಲೂ ಹೊಳಪು ಕಂಡೆ. ಪೊಟ್ಟಣ ಗುರುಗ್ರಾಮದ ಗೋದಾಮಿಗೆ ಹೋಯಿತು, ಅಲ್ಲಿಂದ ನೋಯ್ಡಾದ ಗೋದಾಮಿಗೆ ಬಂತು, ಅಲ್ಲಿಂದ ಐದನೇ ದಿನ ಗ್ರಾಹಕರನ್ನು ಮುಟ್ಟಿತು. ಗ್ರಾಹಕರು ನಮ್ಮದೇ ಸೊಸೈಟಿಯ ಅಧ್ಯಕ್ಷರಾದ ಸಕ್ಸೇನಾ ಜೀ. ನಮ್ಮದು ಎ ಬ್ಲಾಕು, ಅವರದು ಸಿ ಬ್ಲಾಕು.

ಪೊಟ್ಟಣದ ಮೇಲಿನ ವಿಳಾಸ ನೋಡಿ ಫೋನು ಮಾಡಿದರು. "ಮೂರ್ತಿ ಜೀ, ಬಾಲ್ಕನಿಯಿಂದ ಕೂಗಿದ್ರೆ ನಾನೇ ಬಂದು ತಗೊಂಡು ಹೋಗ್ತಿದ್ದೆನಲ್ಲ!"

ನಕ್ಕುಬಿಟ್ಟೆ. ನಗುತ್ತಿರುವಾಗಲೇ ಇನ್ನೊಂದು ಮಿಂಚು! ಗುರುಗ್ರಾಮದ ಹಂಗೇಕೆ? ನೂರೆಂಟು ಫ್ಲ್ಯಾಟುಗಳ ಸೊಸೈಟಿ ಕಾಲಬುಡದಲ್ಲೇ ಇದೆ! ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಣೆ ಹೊರಡಿಸಿದೆ.

"ಇದು ಆನ್‌ಲೈನ್ ಬಿಸಿನೆಸ್ ಅಲ್ಲ ಅಪ್ಪಾ," ಅಂದಳು ಮೇಘನಾ.

"ವಾಟ್ಸಾಪ್ ಏನು ಅಂಚೆ ಕಚೇರಿಯಾ?" ಅಂದೆ.

ಆ ಭಾನುವಾರ ನನ್ನ ಜೀವನದ ಅತ್ಯಂತ ಸಂತೋಷದ ಭಾನುವಾರ. ಅಧ್ಯಕ್ಷರೇ ಕೊಂಡಿದ್ದಾರೆಂದು ಜನ ಸಾಲುಗಟ್ಟಿದರು. ಬಾಲ್ಕನಿಯಲ್ಲಿ ಮೇಜು ಹಾಕಿಕೊಂಡು ರಸೀದಿ ಬರೆದೆ, ಮುದ್ರೆ ಒತ್ತಿದೆ, ಬ್ಯಾಟರಿಯನ್ನು ಉಚಿತವಾಗಿ ಕೊಟ್ಟೆ, ಮನೆಮನೆಗೆ ಹೋಗಿ ಗುಂಡಿ ಅಂಟಿಸಿಯೂ ಕೊಟ್ಟೆ. ಸಂಜೆಯ ಹೊತ್ತಿಗೆ ಸಕ್ಸೇನಾ ಜೀಯದೂ ಸೇರಿ ಮೂವತ್ತೆಂಟು ಗಂಟೆ! ಅಂಟಿಸಿದಾಗ ಒಂದೆರಡು ಕಡೆ ನಾನು ಒತ್ತುವ ಮೊದಲೇ ಹಕ್ಕಿ ಕೂಗಿತು. ಸರಕು ಎಷ್ಟು ಚುರುಕಾಗಿದೆ ನೋಡಿ ಎಂದು ಗ್ರಾಹಕರಿಗೆ ಹೇಳಿದೆ.

"ಮಹಾಲಯಕ್ಕೆ ಇನ್ನೂ ಹನ್ನೆರಡು ದಿನ ಇದೆ," ಎಂದೆ ಸುಮಿತ್ರಾಗೆ. "ಪಕ್ಕದ ನಾಲ್ಕು ಸೊಸೈಟಿ ಹಿಡಿದರೆ ರೂಮು ಖಾಲಿ!"

"ಪರವಾಗಿಲ್ಲ ರೀ ನೀವು," ಅಂದಳು. ಇಪ್ಪತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಇಂಥ ಪ್ರಶಸ್ತಿ ಎರಡನೇ ಸಲ ಸಿಕ್ಕಿದ್ದು.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಹಾಲಿನ ಭಯ್ಯಾ ಬಿ ಬ್ಲಾಕಿನ ಒಂದು ಗುಂಡಿ ಒತ್ತಿದ.

ನಮ್ಮದೂ ಸೇರಿ ಮೂವತ್ತೊಂಬತ್ತು ಮನೆಗಳಲ್ಲಿ ಹಕ್ಕಿ ಕೂಗಿತು. ಮೂವತ್ತೊಂಬತ್ತು ಮನೆಗಳಲ್ಲಿ ಆ ಹೆಂಗಸು ಮರ್ಯಾದೆಯಿಂದ ಬಾಗಿಲು ತೆಗೆಯಲು ಕೇಳಿಕೊಂಡಳು. ಮೂವತ್ತೊಂಬತ್ತು ಬಾಗಿಲು ತೆರೆದವು. ಒಂದೇ ಕಡೆ ಹಾಲು ಇತ್ತು!

ನಾನೂ ಎದ್ದು ಬಾಗಿಲು ತೆಗೆದೆ. ಯಾರೂ ಇಲ್ಲ. ಬಂದು ಕೂತೆ. ಮತ್ತೆ ಹಕ್ಕಿ. ಓಡಿದೆ. ಯಾರೂ ಇಲ್ಲ. ಎದುರು ಮನೆಯವರು ಚಪ್ಪಲಿಯಿಲ್ಲದೆ ಬಂದು ನಿಂತು ನನ್ನನ್ನೇ ಅನುಮಾನದಿಂದ ನೋಡಿದರು. ನಾನೂ ಅವರನ್ನು ಅನುಮಾನದಿಂದ ನೋಡಿದೆ. ಅಷ್ಟರಲ್ಲಿ ಯಾರೋ ತಮ್ಮ ಗಂಟೆ ಕೆಟ್ಟಿದೆಯೇನೋ ಎಂದು ತಾವೇ ಒತ್ತಿ ನೋಡಿದರು. ಅದರಿಂದ ಉಳಿದವರೆಲ್ಲ ಮತ್ತೆ ಎದ್ದರು, ಎದ್ದವರು ತಮ್ಮದನ್ನೂ ಒತ್ತಿ ನೋಡಿದರು. ಪೇಪರಿನವನು ಬಂದ, ಕೆಲಸದವರು ಬಂದರು, ಕಸದ ಗಾಡಿಯವನು ಬಂದ! ಗಾರ್ಡು ಕೋಲು ಹಿಡಿದು ಎ ಬ್ಲಾಕಿನಿಂದ ಡಿ ಬ್ಲಾಕಿಗೆ, ಡಿ ಬ್ಲಾಕಿನಿಂದ ಎ ಬ್ಲಾಕಿಗೆ ಓಡಿದ. ಡಿ ಬ್ಲಾಕಿನ ಒಬ್ಬ ಅಜ್ಜಿ, ಸ್ವಭಾವತಃ ಒಳ್ಳೆಯವರು, ಬಾಗಿಲು ಮುಚ್ಚುವ ಗೋಜೇ ಬೇಡವೆಂದು ತೆರೆದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರಂತೆ. ನಾನು ಎಂಟು ಗಂಟೆಯೊಳಗೆ ಹದಿನೇಳು ಸಲ ಬಾಗಿಲಿಗೆ ಓಡಿದ್ದೆ. ರಾಮ್‌ಫಲ್ ಒಂದು ದಿನದಲ್ಲಿ ಇಷ್ಟು ಸಲ ಎದ್ದದ್ದು ನನಗೆ ನೆನಪಿಲ್ಲ.

ಮೇಘನಾ ಬಾಗಿಲ ಹೊರಗೆ ನಿಂತು ನಮ್ಮ ಗುಂಡಿಯನ್ನು ಒತ್ತಿದಳು. ಮೇಲಿಂದ, ಕೆಳಗಿಂದ, ಎದುರಿನ ಬ್ಲಾಕಿನಿಂದ ಅದೇ ಹೆಂಗಸಿನ ದನಿ ಕೇಳಿಬಂತು.

"ಅಪ್ಪಾ! ಒಂದು ಒತ್ತಿದ್ರೆ ಪೂರಾ ಸೊಸೈಟಿ ಬಜ್ ರಹೀ ಹೈ!"

ಏಳನೇ ಷರತ್ತು ಕಣ್ಣಮುಂದೆ ಬಂದು ನಿಂತಿತು.

ಹತ್ತು ಗಂಟೆಗೆಲ್ಲ ನಾನು ಭಾಟಿಯಾನ ಅಂಗಡಿಯಲ್ಲಿದ್ದೆ. ಅವನು ಸಿಟ್ಟಾಗಲಿಲ್ಲ. ಚಾಯ್ ತರಿಸಿ, ಗಲ್ಲಾ ಪೆಟ್ಟಿಗೆಯಿಂದ ಆ ಕಾಗದ ತೆಗೆದು ಹರಡಿದ.

"ಸಾಬ್, ಒಂದು ಲಾಟ್ ಅಂದ್ರೆ ಎಲ್ಲಕ್ಕೂ ಒಂದೇ ಸಿಗ್ನಲ್. ಅದಕ್ಕೇ ಲಾಟ್ ಬೆರೆಸಿ ಕೊಡೋದು, ಅಕ್ಕಪಕ್ಕದ ಮನೆ ಬೆಲ್ ಒಂದಕ್ಕೊಂದು ಸಿಕ್ಕಿಹಾಕ್ಕೊಳ್ಳಬಾರದು ಅಂತ. ನಾನು ಹೇಳಿದೆ. ನೀವು ಪೆನ್ನಿನ ಕಥೆ ಹೇಳಿದ್ರಿ." ಅವನ ದಪ್ಪ ಬೆರಳು ಏಳನೇ ಷರತ್ತಿನ ಕೆಳಗಿದ್ದ ನನ್ನ ಸಹಿಯ ಮೇಲೆ ಮೆಲ್ಲಗೆ ನಿಂತಿತು. "ಯಾವುದೇ ವ್ಯತ್ಯಾಸ ಕಂಡುಬರಕೂಡದು. ಇದೆಯಾ ಸಾಬ್ ವ್ಯತ್ಯಾಸ?"

ಇರಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಷರತ್ತು ಪಾಲಿಸಿದ ಸರಬರಾಜುದಾರ ನನ್ನ ಇಡೀ ಸೇವೆಯಲ್ಲಿ ಸಿಕ್ಕಿರಲಿಲ್ಲ! ಮಾರಿದ ಮಾಲು ವಾಪಸ್ಸಿಲ್ಲ ಎಂಬ ಬೋರ್ಡು ಅವನ ತಲೆಯ ಮೇಲೇ ತೂಗುತ್ತಿತ್ತು. ಚಾಯ್ ಕುಡಿದು ಎದ್ದೆ.

ಮೆಟ್ರೋ ಮೆಟ್ಟಿಲ ಬಳಿ ಒಬ್ಬ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಅದೇ ಗಂಟೆಗಳನ್ನು ಮಾರುತ್ತಿದ್ದ. ಬಿಡಿಯಾಗಿ. ನನ್ನ ಹೋಲ್‌ಸೇಲ್ ದರಕ್ಕಿಂತ ಕಡಿಮೆಗೆ!

"ಭಯ್ಯಾ, ನಿನಗೆ ಇಷ್ಟು ಕಡಿಮೆಗೆ ಎಲ್ಲಿ ಸಿಗುತ್ತೆ?" ಎಂದೆ.

"ಭಾಟಿಯಾ ಜೀ ಅಂಗಡಿ. ಚೌಕಾಸಿ ಮಾಡ್ಬೇಕು ಅಂಕಲ್ ಜೀ."

ಚೌಕಾಸಿ! ಮೂರು ಕೊಟೇಶನ್ ತೆಗೆದುಕೊಂಡವನಿಗೆ ಒಂದು ಸಲ "ಸ್ವಲ್ಪ ಕಡಿಮೆ ಮಾಡಪ್ಪಾ" ಎನ್ನಲು ತೋಚಿರಲಿಲ್ಲ. ನಾಚಿಕೆಯಿಂದ ಮುಖ ಬಿಸಿಯಾಯಿತು. ಸರ್ಕಾರದ ಮೂವತ್ನಾಲ್ಕು ವರ್ಷದ ಪೆನ್ಸಿಲು, ಪೊರಕೆ, ಫ್ಯಾನುಗಳೆಲ್ಲ ನೆನಪಾದವು. ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಮುಂದೆ ಹೋಗುವುದು ಕ್ಷೇಮವೆನಿಸಲಿಲ್ಲ.

ಸಂಜೆಗೆ ಸೊಸೈಟಿಯವರು ಮತ್ತೆ ಸಾಲುಗಟ್ಟಿದರು. ಈ ಸಲ ಗಂಟೆಗಳು ಒಳಕ್ಕೆ ಬಂದವು, ಹಣ ಹೊರಕ್ಕೆ ಹೋಯಿತು. ಭಾನುವಾರದಷ್ಟೇ ಜನ, ಅದೇ ಮೇಜು. ಸಕ್ಸೇನಾ ಜೀ ಮಾತ್ರ ಕೊಡುವಾಗ ನನ್ನ ಭುಜ ತಟ್ಟಿದರು. "ಮೂರ್ತಿ ಜೀ, ಇಪ್ಪತ್ತು ವರ್ಷದಿಂದ ಈ ಸೊಸೈಟಿಯವರನ್ನ ಒಟ್ಟಿಗೆ ಸೇರಿಸೋಕೆ ಪ್ರಯತ್ನ ಮಾಡ್ತಿದ್ದೆ. ನೀವು ಒಂದೇ ಬೆಳಿಗ್ಗೆಯಲ್ಲಿ ಮಾಡಿಬಿಟ್ರಿ!" ಪಕ್ಕದ ಸೊಸೈಟಿಗಳಿಗೆ ಸುದ್ದಿ ಅಷ್ಟರಲ್ಲಿ ತಲುಪಿಯಾಗಿತ್ತು. ನಾನು ಅವರ ಗೇಟಿನ ಬಳಿ ಹೋದರೆ ಗಾರ್ಡು ನನ್ನ ಚೀಲ ನೋಡುತ್ತಿದ್ದ.

ಮಹಾಲಯ ಅಮಾವಾಸ್ಯೆಯ ಸಂಜೆ ಸುಮಿತ್ರಾ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ನಾನು ಬರೆದುಕೊಟ್ಟ ಕಾಗದ. ಒಳಗೆ ಹನ್ನೆರಡಕ್ಕೆ ಹನ್ನೆರಡೂ ಪೆಟ್ಟಿಗೆಗಳು. ಗೊಂಬೆಗಳ ಟ್ರಂಕನ್ನು ಮೇಲಟ್ಟದಿಂದ ಇಳಿಸಿ ಹಾಲ್‌ನಲ್ಲಿಟ್ಟಾಗಿತ್ತು. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಇಪ್ಪತ್ತೆರಡು ವರ್ಷದ ಹಬ್ಬವನ್ನು ನಾನು ಕೆಡಿಸಿದೆನಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು.

"ಬಾಲ್ಕನಿಗೆ ಸಾಗಿಸ್ತೀನಿ. ಅಡುಗೆಮನೆಯಲ್ಲಿ ನಾಲ್ಕು ಇಡಬಹುದು. ಮಂಚದ ಕೆಳಗೆ..." ಎಂದು ತೊದಲಿದೆ.

ಅವಳು ಪೆಟ್ಟಿಗೆಗಳನ್ನು ಕಣ್ಣಲ್ಲೇ ಅಳೆಯುತ್ತಿದ್ದಳು. "ಪ್ರತಿ ವರ್ಷ ಗೊಂಬೆ ಮೆಟ್ಟಿಲಿಗೆ ಸಕ್ಸೇನಾ ಮನೆಯಿಂದ ಬೆಂಚು ಕೇಳಿ ತರ್ತೀವಿ," ಅಂದಳು ನಿಧಾನವಾಗಿ. "ಮುಂದೆ ಎರಡು ಇಡಿ. ಅದರ ಹಿಂದೆ ಎರಡರ ಮೇಲೆ ಎರಡು. ಅದರ ಹಿಂದೆ ಮೂರು ಮೂರು."

ಇಟ್ಟೆ. ಎರಡು, ನಾಲ್ಕು, ಆರು. ಹನ್ನೆರಡು! ಮೂರು ಮೆಟ್ಟಿಲು ಸರಿಯಾಗಿ ಕೂತವು. ಮೇಲೆ ಬಿಳಿ ಪಂಚೆ ಹಾಸಿದಳು. ಪಟ್ಟದ ಗೊಂಬೆ ರಾಜ ರಾಣಿಯರು ಮೇಲಿನ ಮೆಟ್ಟಿಲೇರಿದರು. ಅವುಗಳ ಕೆಳಗೆ ದಶಾವತಾರ, ಅದರ ಕೆಳಗೆ ಶೆಟ್ಟಿ ದಂಪತಿಗಳು ಅಕ್ಕಿ ಬೇಳೆಯ ಅಂಗಡಿ ತೆರೆದು ಕೂತರು. ಅವರ ವ್ಯಾಪಾರ ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಮರುದಿನ ಸಂಜೆ ಆರತಿಗೆ ಸೊಸೈಟಿಯ ಹೆಂಗಸರೆಲ್ಲ ಬಂದರು. ಸಂಗೀತದ ಮಕ್ಕಳು ಸಾಲಾಗಿ ಕೂತು ದೇವರನಾಮ ಶುರುಮಾಡಿದವು. ತಡವಾಗಿ ಬಂದ ಸಕ್ಸೇನಾ ಜೀಯವರ ಪತ್ನಿ ನಮ್ಮ ಬಾಗಿಲ ಗುಂಡಿ ಒತ್ತಿದರು.

ವಾಪಸ್ಸು ಬಂದ ಮೂವತ್ತೆಂಟು ಗಂಟೆಗಳನ್ನು ನಾನು ಹಾಗೆಯೇ ಪೆಟ್ಟಿಗೆಗೆ ತುಂಬಿದ್ದೆ. ಬ್ಯಾಟರಿ ತೆಗೆದಿರಲಿಲ್ಲ!

ದಶಾವತಾರದ ಅಡಿಯಿಂದ ಮೂವತ್ತೆಂಟು ಹಕ್ಕಿಗಳು ಒಮ್ಮೆಗೇ ಕೂಗಿದವು. ಮೂವತ್ತೆಂಟು ಹೆಂಗಸರು ಒಕ್ಕೊರಲಿನಿಂದ "ಕೃಪಯಾ ದರ್ವಾಜಾ ಖೋಲಿಯೇ" ಎಂದರು. ಪಟ್ಟದ ರಾಣಿ ಅದುರಿ ರಾಜನ ಹೆಗಲ ಮೇಲೆ ಒರಗಿದಳು. ಹಾಡು ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ.

"ಅರೇ ವಾಹ್ ಭಾ‍ಭೀ ಜೀ!" ಎಂದು ಯಾರೋ ಚಪ್ಪಾಳೆ ತಟ್ಟಿದರು. "ನಿಮ್ಮ ಕರ್ನಾಟಕದ ಗೊಂಬೆಗಳು ಮಾತಾಡ್ತಾವೆ!" ಮನೆಯೆಲ್ಲ ನಗುವೋ ನಗು. ಮಕ್ಕಳು ಗುಂಡಿ ಒತ್ತಲು ಬಾಗಿಲ ಹೊರಗೆ ಸಾಲು ನಿಂತವು. ಸುಮಿತ್ರಾ ಆರತಿ ತಟ್ಟೆ ಹಿಡಿದೇ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಇಳಿದ ಜಾಗದಲ್ಲಿ ತಕ್ಷಣ ಮೂರನೇ ಮಿಂಚು ಹೊಡೆಯಿತು. ಮಾತಾಡುವ ಗೊಂಬೆ ಮೆಟ್ಟಿಲು! ಮೈಸೂರಿಗೆ ಕಳಿಸಬಹುದು! ಬೆಂಗಳೂರಿಗೆ ಕಳಿಸಬಹುದು!

ಬಾಯಿ ತೆರೆದೆ. ಸುಮಿತ್ರಾ ನನ್ನ ಕಡೆ ನೋಡಿದಳು. ಬಾಯಿ ಮುಚ್ಚಿದೆ.

ಎಲ್ಲರೂ ಹೋದಮೇಲೆ ಅವಳು ಒಂದು ಪೆಟ್ಟಿಗೆಯಿಂದ ಹೊಸ ಗುಂಡಿ ತೆಗೆದು ಅಡುಗೆಮನೆಯ ಗೋಡೆಗೆ, ಒಲೆಯ ಪಕ್ಕದಲ್ಲಿ, ಅಳತೆ ನೋಡಿ ಅಂಟಿಸಿದಳು. ಅದರ ಕೆಳಗೆ ನಾನು ಬರೆದುಕೊಟ್ಟ ಕಾಗದ, ಸಹಿ ಮತ್ತು ಮುದ್ರೆ ಸಮೇತ. ನಾನು ಸೋಫಾಕ್ಕೆ ಹೋಗಿ ಪೇಪರು ಬಿಡಿಸಿದೆನಷ್ಟೆ, ಗೊಂಬೆಗಳ ಅಡಿಯಿಂದ ಮೂವತ್ತೆಂಟು ಹೆಂಗಸರು ಕೂಗಿದರು.

ಎದ್ದೆ. "ಜೀ ಮೇಡಂ" ಎನ್ನುತ್ತ ಅಡುಗೆಮನೆಗೆ ಓಡಿದೆ.

"ತಡ ಆಯ್ತು," ಅಂದಳು ಸುಮಿತ್ರಾ, ಕೊಸಂಬರಿಯ ಖಾಲಿ ಪಾತ್ರೆಗಳನ್ನು ನನ್ನ ಕೈಗಿಡುತ್ತ.

ರಾಮ್‌ಫಲ್ ಒಂದು ದಿನವೂ ತಡ ಮಾಡಿದವನಲ್ಲ. ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೇನೆ.